ಇಪ್ಪತ್ತೇಳನೇ ನಂಬರಿನ ಹುಡುಗಿ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವರು ಯಾವುದನ್ನೂ ಹಾಗೇ ನಂಬುವುದಿಲ್ಲ. ಅಂಗಡಿಯವನು ಕಿಲೋ ಎಂದರೆ ಅದು ಕಿಲೋ ಅಲ್ಲ. ಇಲಾಖೆಯ ತೂಕದ ಬಟ್ಟಿನ ಎದುರು ತೂಗಿ, ಮುಳ್ಳು ನಡುವೆ ನಿಂತು, ತಳಕ್ಕೆ ಮುದ್ರೆ ಬಿದ್ದ ಮೇಲೆಯೇ ಅದಕ್ಕೆ ಕಿಲೋ ಎನಿಸಿಕೊಳ್ಳುವ ಯೋಗ್ಯತೆ. ನಮ್ಮ ಸಾಹೇಬರು ಈ ತತ್ವವನ್ನು ಅಂಗಡಿಗಳಿಗಷ್ಟೇ ಅಲ್ಲದೆ ಮನುಷ್ಯರಿಗೂ ಅನ್ವಯಿಸುತ್ತಿದ್ದರು. ಅವರಿದ್ದ ನಾಲ್ಕು ಮಹಡಿಯ ಕಟ್ಟಡದವರು ಅವರ ಬೆನ್ನ ಹಿಂದೆ 'ತಕ್ಕಡಿ ಸಾಹೇಬರು' ಎನ್ನುತ್ತಿದ್ದರು. ಬರಬರುತ್ತಾ ಎದುರಿಗೇ ಅನ್ನತೊಡಗಿದರು. ಅವರು ಅದನ್ನು ಬಡ್ತಿ ಎಂದು ತಿಳಿದರು.

ಈಗಿನ ಯುವಜನರು ಮೊಬೈಲಿನಿಂದ ಹಾಳಾಗಿದ್ದಾರೆ ಎಂಬುದು ಸಾಹೇಬರು ತೂಗಿ ನೋಡದೆಯೇ ಮುದ್ರೆ ಒತ್ತಿದ್ದ ಏಕೈಕ ಸಂಗತಿ. ಕಟ್ಟಡದ ಸಭೆಯಲ್ಲಿ ಮುಕ್ಕಾಲು ಗಂಟೆ ಮಾತಾಡಿ 'ಮೊಬೈಲ್ ಮುಕ್ತ ಸಂಜೆ' ಎಂಬ ಯೋಜನೆಯನ್ನು ಜಾರಿಗೆ ತಂದರು. ಸಂಜೆ ಆರರಿಂದ ಎಂಟರವರೆಗೆ ಇಪ್ಪತ್ತೈದು ವರ್ಷದೊಳಗಿನವರೆಲ್ಲ ತಮ್ಮ ಮೊಬೈಲನ್ನು ಮೆಟ್ಟಿಲ ಕೆಳಗಿಟ್ಟ ಒಂದು ತಗಡಿನ ಟ್ರಂಕಿನಲ್ಲಿ ಹಾಕಬೇಕು. ಟ್ರಂಕಿಗೆ ಬೀಗ. ಬೀಗದ ಕೈ ಸಾಹೇಬರ ಜೇಬಿನಲ್ಲಿ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾವಲಿಗೆ ಸ್ವತಃ ಸಾಹೇಬರು.

ಈಗ ನೀವೇ ಹೇಳಿ, ಐವತ್ತಮೂರು ವರ್ಷದ ಮನುಷ್ಯ ಒಂದು ಟ್ರಂಕನ್ನು ಎಷ್ಟು ಹೊತ್ತು ನೋಡುತ್ತಾ ಕೂರಬಹುದು? ಹತ್ತು ನಿಮಿಷದ ಮೇಲೆ ಸಾಹೇಬರು ಮೆಲ್ಲಗೆ ತಮ್ಮ ಮೊಬೈಲ್ ತೆಗೆಯುತ್ತಿದ್ದರು. ಎಂಟು ಗಂಟೆಗೆ ಯಾರಾದರೂ ಬಂದು ಹೆಗಲು ತಟ್ಟುವವರೆಗೆ ತಲೆ ಎತ್ತುತ್ತಿರಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು ನೋಡುತ್ತಿದ್ದುದರಿಂದ ಇಲಾಖೆಯ ಕೆಲಸವಿರಬೇಕೆಂದು ಎಲ್ಲರೂ ಭಾವಿಸಿದ್ದರು. ಸಾಹೇಬರೂ ಹಾಗೇ ಭಾವಿಸಿದ್ದರು.

ಅವರಿಗೆ ಒಬ್ಬಳೇ ಮಗಳು. ಇಪ್ಪತ್ತೊಂದು ವರ್ಷ, ಕಾಲೇಜಿನಲ್ಲಿ ಭೂವಿಜ್ಞಾನದ ಕೊನೆಯ ವರ್ಷ. ಒಂದು ಕಾಲದಲ್ಲಿ ಅಪ್ಪನ ಜೊತೆ ಹಿತ್ತಾಳೆಯ ಬಟ್ಟುಗಳನ್ನು ಸಾಲಾಗಿ ಜೋಡಿಸಿ ಆಡುತ್ತಿದ್ದವಳು, ಈಚೆಗೆ ಮನೆಯಲ್ಲಿ ಮೂರೇ ಮಾತು ಬಳಸುತ್ತಿದ್ದಳು: 'ಹೂಂ', 'ಇಲ್ಲ', 'ಆಮೇಲೆ'. ಟ್ರಂಕು ಬಂದ ಮೇಲೆ 'ಆಮೇಲೆ'ಯೂ ನಿಂತುಹೋಯಿತು.

ಅವಳ ಕಾಲೇಜಿನ ಒಬ್ಬ ಪ್ರೊಫೆಸರು 'ಯುವಜನರ ಬದುಕಿನಲ್ಲಿ ಡಿಜಿಟಲ್ ಮಾಧ್ಯಮದ ಪಾತ್ರ' ಎಂಬ ಸಂಶೋಧನೆ ಆರಂಭಿಸಿದ್ದರು. ನಲವತ್ತು ಜನ ವಿದ್ಯಾರ್ಥಿಗಳು ತಮ್ಮ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಳ್ಳಬೇಕು. ಅವರು ಏನು ನೋಡಿದರು, ಏನು ಕಳಿಸಿದರು, ಏನು ಹುಡುಕಿದರು ಎಂಬುದು ನಾಲ್ಕು ವಾರ ಪ್ರೊಫೆಸರ ಕಂಪ್ಯೂಟರಿಗೆ ಹೋಗುತ್ತದೆ. ಹೆಸರಿಲ್ಲ, ಬರೀ ನಂಬರು. ಭಾಗವಹಿಸಿದವರಿಗೆ ಹತ್ತು ದಿನದ ಹಾಜರಿ. ಮಗಳಿಗೆ ಸರಿಯಾಗಿ ಹತ್ತು ದಿನದ ಹಾಜರಿ ಕಡಿಮೆಯಿತ್ತು. ಆದರೆ ಯಾರೋ ಪ್ರೊಫೆಸರು ತನ್ನ ಮೊಬೈಲಿನಲ್ಲಿ ಇಣುಕುವುದು ಅವಳಿಗೆ ಇಷ್ಟವಿರಲಿಲ್ಲ.

ಅದೇ ದಿನ ಸಾಹೇಬರು ಮೊಬೈಲ್ ಹಿಡಿದುಕೊಂಡು ಅವಳ ಮುಂದೆ ನಿಂತರು.

"ಇದರಲ್ಲಿ ಅಕ್ಷರ ಸ್ವಲ್ಪ ದೊಡ್ಡದು ಮಾಡಿ ಕೊಡ್ತೀಯಾ?"

"ಹೂಂ," ಎಂದಳು ಮಗಳು.

ಅಕ್ಷರ ದೊಡ್ಡದು ಮಾಡಿದಳು. ಆ್ಯಪನ್ನೂ ಹಾಕಿದಳು. ಅದರಲ್ಲಿ ತುಂಬಿದಳು: ನಂಬರ್ ಇಪ್ಪತ್ತೇಳು, ಹೆಣ್ಣು, ವಯಸ್ಸು ಇಪ್ಪತ್ತೊಂದು, ಅವಿವಾಹಿತೆ. ಸಾಹೇಬರಿಗೆ ಅಕ್ಷರ ಅಂಗಡಿಯ ಬೋರ್ಡಿನಷ್ಟು ದೊಡ್ಡದಾಗಿದ್ದು ಕಂಡಿತೇ ಹೊರತು ಇನ್ನೇನೂ ಕಾಣಲಿಲ್ಲ. ಮಗಳು ತಮ್ಮ ಪಕ್ಕದಲ್ಲಿ ನಾಲ್ಕು ನಿಮಿಷ ನಿಂತಿದ್ದಳೆಂಬುದನ್ನು ಮಾತ್ರ ಅವರು ಗಮನಿಸಿದರು. ಅಳತೆಯ ಇಲಾಖೆಯವರಲ್ಲವೆ.

ಮೂರು ವಾರ ಕಳೆಯುವಷ್ಟರಲ್ಲಿ ಪ್ರೊಫೆಸರ ಕೋಣೆಯಲ್ಲಿ ಕೋಲಾಹಲ.

"ಸರ್, ಇಪ್ಪತ್ತೇಳನೇ ಹುಡುಗಿ ಸ್ವಲ್ಪ ವಿಚಿತ್ರವಾಗಿದಾಳೆ," ಎಂದಳು ಅವರ ಸಹಾಯಕಿ.

ಪ್ರೊಫೆಸರು ಹದಿನೆಂಟು ವರ್ಷದಿಂದ ಒಂದು ವಿಚಿತ್ರಕ್ಕಾಗಿ ಕಾದಿದ್ದವರು. ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರ ಎಳೆದುಕೊಂಡರು. ಮಿಕ್ಕ ಮೂವತ್ತೊಂಬತ್ತು ಜನ ಹಾಡು, ಕುಣಿತ, ಜಗಳ, ಬಟ್ಟೆ ಎಂದು ನೋಡುತ್ತಿದ್ದರೆ ಇವಳು ದಿನಕ್ಕೆ ಒಂದೂವರೆ ಗಂಟೆ ಕಟ್ಟಿಕೊಂಡ ಚರಂಡಿ ಬಿಡಿಸುವ ವಿಡಿಯೋ ನೋಡುತ್ತಿದ್ದಳು. ಅದಾದ ಮೇಲೆ ತುಕ್ಕು ಹಿಡಿದ ಬೀಗ ಉಜ್ಜುವ ಒಬ್ಬ ಮನುಷ್ಯನನ್ನು ನೋಡುತ್ತಿದ್ದಳು. ಬೆಳಗ್ಗೆ ಐದಕ್ಕೆ ಎದ್ದು ಅರವತ್ತನಾಲ್ಕು ಜನರಿಗೆ ಗುಲಾಬಿಯ ಚಿತ್ರ ಕಳಿಸುತ್ತಿದ್ದಳು. ಸ್ನೇಹಿತೆಯರ ಫೋಟೋ ಒಂದೂ ಇಲ್ಲ. ಮನೆಯ ಸೂರಿನ ಫೋಟೋ ಹದಿನಾಲ್ಕು, ಹೆಬ್ಬೆರಳಿನ ಫೋಟೋ ಒಂಬತ್ತು.

"ಇದು ಹೊಸ ಯೌವನ," ಎಂದರು ಪ್ರೊಫೆಸರು ಗಂಭೀರವಾಗಿ. "ಮಾಧ್ಯಮದಿಂದ ಬೇಸತ್ತು ವೃದ್ಧಾಪ್ಯಕ್ಕೆ ನೇರವಾಗಿ ಜಿಗಿದಿರೋ ಯೌವನ. ಹೆಬ್ಬೆರಳು ನೋಡು, ಅದು ಪ್ರತಿಭಟನೆ."

ಅಂದೇ ಹದಿನೆಂಟು ಪುಟದ ಪ್ರಬಂಧ ಬರೆಯಲು ಕುಳಿತರು. ಹದಿನೇಳನೇ ಪುಟಕ್ಕೆ ಬಂದಿದ್ದಾಗ ಸಹಾಯಕಿ ಮತ್ತೆ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಸರ್, ಅವಳು ಪ್ರತಿದಿನ ಸಂಜೆ ಇದೊಂದು ಪ್ರಶ್ನೆ ಹುಡುಕ್ತಾಳೆ. 'ಮಗಳು ಮಾತಾಡದಿದ್ದರೆ ಏನು ಮಾಡಬೇಕು?'"

ಪ್ರೊಫೆಸರು ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡರು.

"ಅಂದ್ರೆ ಇವಳಿಗೊಂದು ಮಗಳಿದೆ."

"ಇವಳಿಗೆ ಇಪ್ಪತ್ತೊಂದು ವರ್ಷ ಸರ್. ಮದುವೆ ಆಗಿಲ್ಲ ಅಂತ ಫಾರಂನಲ್ಲಿದೆ."

"ಮಾತಾಡದಿದ್ದರೆ ಅಂದ್ರೆ ಮಾತು ಬರೋ ವಯಸ್ಸಾಗಿದೆ, ಇನ್ನೂ ಬಂದಿಲ್ಲ. ಎರಡು ವರ್ಷ ಇಟ್ಕೋ." ಪ್ರೊಫೆಸರು ಎದ್ದು ನಿಂತರು. "ಮನೆಯವರಿಗೆ ಗೊತ್ತಿಲ್ಲದ ಮಗು. ಆ ತಾಯಿ ಪಾಪ ಮೊಬೈಲನ್ನ ಕೇಳ್ತಿದ್ದಾಳೆ. ಇದು ಇನ್ನು ಬರೀ ಸಂಶೋಧನೆ ಅಲ್ಲ. ನಂಬರ್ ತೆಗೆದು ವಿಳಾಸ ನೋಡು."

ಪ್ರೊಫೆಸರೂ ಸಹಾಯಕಿಯೂ ಸಾಹೇಬರ ಮನೆಗೆ ಬಂದಾಗ ಮಗಳು ಊರಲ್ಲಿರಲಿಲ್ಲ. ಕಾಲೇಜಿನವರ ಜೊತೆ ದೂರದ ಕಲ್ಲುಗಣಿಯೊಂದಕ್ಕೆ ಮೂರು ದಿನದ ಅಧ್ಯಯನಕ್ಕೆ ಹೋಗಿದ್ದಳು. ಅಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಸಾಹೇಬರು ಅತಿಥಿಗಳನ್ನು ಕೂರಿಸಿ, ಮಗಳ ಮೊಬೈಲ್ ಬಳಕೆಯ ವಿಷಯ ಎಂದು ಕೇಳುತ್ತಿದ್ದಂತೆ ಅರಳಿಬಿಟ್ಟರು.

"ನಾನು ಹೇಳ್ತಾನೇ ಇದ್ದೆ ಸ್ವಾಮಿ. ಕೇಳೋರಿಲ್ಲ. ಏನೇನು ನೋಡ್ತಾಳೆ ಹೇಳಿ, ಒಂದೂ ಮುಚ್ಚಿಡಬೇಡಿ."

"ವಿವರ ಹೇಳೋ ಹಾಗಿಲ್ಲ. ಅದು ಗೋಪ್ಯ. ಅವಳ ಎದುರಿಗೇ ಹೇಳಬೇಕು," ಎಂದರು ಪ್ರೊಫೆಸರು. "ಆದರೆ ತಂದೆಯಾಗಿ ನಿಮಗೆ ಒಂದು ವಿಷಯ ತಿಳಿದಿರಲಿ. ನೀವು ತಾತ ಆಗಿದ್ದೀರಿ."

ಸಾಹೇಬರು ಎದ್ದು ಮನೆಯ ಸುತ್ತ ಕಣ್ಣಾಡಿಸಿದರು.

"ನಮ್ಮದು ಎರಡು ರೂಮಿನ ಮನೆ," ಎಂದರು ಕೊನೆಗೆ. "ಮಗೂನ ಎಲ್ಲಿಟ್ಟಿರ್ತಾಳೆ?"

"ಇದು ಡಿಜಿಟಲ್ ಯುಗ," ಎಂದರು ಪ್ರೊಫೆಸರು. "ಏನನ್ನ ಎಲ್ಲಿ ಬೇಕಾದ್ರೂ ಇಡಬಹುದು."

ಒಳಗಿನ ರೂಮಿನಲ್ಲಿ ಮಲಗಿದ್ದ ಸಾಹೇಬರ ತಾಯಿ, ಎಂಬತ್ತರ ಅಜ್ಜಿ, ಎದ್ದು ಬಂದು ಬಟ್ಟೆಯ ಬೀರು ತೆರೆದು ನೋಡಿದರು. ಮಂಚದ ಕೆಳಗೂ ಬಗ್ಗಿ ನೋಡಿದರು. "ನಾನು ಕನ್ನಡಕ ಹಾಕ್ಕೊಂಡಿಲ್ದೆ ಇದ್ದಾಗ ಬಂದು ಹೋಗಿರುತ್ತೆ," ಎಂದರು. ಅವರ ಧ್ವನಿಯಲ್ಲಿ ಎಳ್ಳಷ್ಟೂ ಗಾಬರಿಯಿರಲಿಲ್ಲ. ಮರಿಮಗಳನ್ನು ಕಾಣದೆ ಹೋಗುತ್ತೇನೇನೋ ಎಂದು ಕೊರಗುತ್ತಿದ್ದವರು ಅವರು.

ಸಾಹೇಬರ ಹೆಂಡತಿ ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಹೆಂಗಸು, ಮಾತು ಕಡಿಮೆ. ಅಂದು ಮಧ್ಯಾಹ್ನ ಸುದ್ದಿ ಕೇಳಿ ಚೀಲ ಕೆಳಗಿಟ್ಟರು.

"ನನ್ನ ಕಣ್ಣೆದುರಿಗೆ ಬೆಳೆದವಳು. ನನಗೆ ಗೊತ್ತಾಗದೆ ಅವಳಿಗೆ ಇದುವರೆಗೆ ಒಂದು ನೆಗಡಿ ಕೂಡ ಆಗಿಲ್ಲ. ಮಗು ಹೇಗಾಗುತ್ತೆ?"

"ವಿಜ್ಞಾನ ಹೇಳ್ತಿದೆ," ಎಂದರು ಸಾಹೇಬರು.

"ಹಾಗಾದ್ರೆ ವಿಜ್ಞಾನವೇ ಹೆತ್ತಿರಬೇಕು," ಎಂದು ಅವರು ಅಡುಗೆಮನೆಗೆ ಹೋದರು.

ಆದರೆ ಸುದ್ದಿ ಆಗಲೇ ಮೆಟ್ಟಿಲಿಳಿದಿತ್ತು. ಮೂರನೇ ಮಹಡಿಯ ನಿವೃತ್ತ ಹೆಡ್‌ಮಾಸ್ಟರಿಗೆ ಅದು ಅರ್ಧ ಗಂಟೆಯಲ್ಲಿ ತಲುಪಿತು. ಅವರಿಂದ ನಾಲ್ಕೂ ಮಹಡಿಗೆ ಹಬ್ಬಿತು. ಹಬ್ಬುವಾಗ ಮಗುವಿಗೆ ಹಲ್ಲು ಬಂದವು, ಒಂದು ಕಾಲಿಗೆ ಮಚ್ಚೆ ಬಂತು. ಎರಡನೇ ಮಹಡಿಯವರು ಅದು ಅಳುವುದನ್ನು ಕೇಳಿದ್ದೇವೆ ಎಂದು ಆಣೆಯಿಟ್ಟರು. ಮರುದಿನ ಮೊದಲ ಬಸ್ಸಿಗೆ ಸಾಹೇಬರ ಅಕ್ಕ ಬಂದಿಳಿದರು. ಕೈಯಲ್ಲಿ ಉಣ್ಣೆಯ ಒಂದು ಟೋಪಿ.

"ಎರಡು ವರ್ಷ ಅಂದ್ರು. ತಲೆ ಅಳತೆ ಯಾರೂ ಹೇಳಲಿಲ್ಲ," ಎಂದು ತಮ್ಮನನ್ನು ಆಕ್ಷೇಪಣೆಯಿಂದ ನೋಡಿದರು. "ಅಳತೆ ಆಫೀಸಲ್ಲಿದ್ದು ಏನು ಪ್ರಯೋಜನ?"

ಸಾಹೇಬರು ಎರಡು ದಿನ ಅನ್ನ ನೀರು ಸರಿಯಾಗಿ ಮುಟ್ಟಲಿಲ್ಲ. ಇಲಾಖೆಯಲ್ಲಿ ಐದು ಕಿಲೋ ಬಟ್ಟಿಗೆ ಎರಡು ಕಿಲೋ ಮುದ್ರೆ ಒತ್ತಿ ಮೇಲಧಿಕಾರಿಯಿಂದ ಬೈಸಿಕೊಂಡರು. ಸಂಜೆ ಟ್ರಂಕಿನ ಪಕ್ಕ ಕೂತರು, ಹೋಗುವವರು ಬರುವವರೆಲ್ಲ ಕನಿಕರದಿಂದ ನೋಡಿದರು. ಯುವಜನರು ತಾವಾಗಿಯೇ ಮೊಬೈಲ್ ತಂದು ಟ್ರಂಕಿಗೆ ಹಾಕಿ, "ಅಂಕಲ್, ಮನಸ್ಸಿಗೆ ಹಚ್ಕೋಬೇಡಿ," ಎಂದು ಹೇಳಿ ಹೋದರು. ಅದು ಅವರನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಪ್ರೊಫೆಸರು, ಸಹಾಯಕಿ ಒಂದು ದಪ್ಪ ಫೈಲು ಹಿಡಿದು ಮನೆಗೆ ಬಂದರು. ಮಗಳು ಆ ಹೊತ್ತಿಗೆ ಬರಬೇಕಿತ್ತು.

"ಮನೆಯವರು ಮಾತ್ರ ಇರಬೇಕು. ಇದು ಗೋಪ್ಯ," ಎಂದರು ಪ್ರೊಫೆಸರು.

ಬಾಗಿಲಲ್ಲಿ ಹನ್ನೊಂದು ಜನ ನಿಂತಿದ್ದರು. "ಒಂದೇ ಕಟ್ಟಡ ಅಂದ ಮೇಲೆ ನಾವೂ ಮನೆಯವರೇ," ಎಂದು ಹೆಡ್‌ಮಾಸ್ಟರು ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಒಳಗೆ ಬಂದರು. ಮಿಕ್ಕವರು ಗೋಡೆಗೆ ಒರಗಿ ನಿಂತರು.

ಅಷ್ಟರಲ್ಲಿ ಮಗಳು ಬಂದಳು. ಬೂಟಿನ ತುಂಬ ಧೂಳು, ಬೆನ್ನ ಚೀಲದ ತುಂಬ ಕಲ್ಲು. ಮನೆ ತುಂಬಿದ್ದ ಜನರನ್ನು, ಪ್ರೊಫೆಸರನ್ನು, ಅತ್ತೆಯ ಕೈಯಲ್ಲಿದ್ದ ಟೋಪಿಯನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

"ಬಾ ಮಗಳೇ," ಎಂದರು ಅಜ್ಜಿ ಅಕ್ಕರೆಯಿಂದ. "ಒಬ್ಬಳೇ ಬಂದ್ಯಾ? ಅದನ್ನೂ ಕರ್ಕೊಂಡು ಬರೋದಲ್ವಾ?"

"ಯಾವುದನ್ನ?"

"ಕೂತ್ಕೋಮ್ಮ," ಎಂದರು ಪ್ರೊಫೆಸರು. "ಯಾರೂ ನಿನ್ನನ್ನ ಬೈಯೋಕೆ ಬಂದಿಲ್ಲ." ಫೈಲು ತೆರೆದು ಓದತೊಡಗಿದರು. "ಇಪ್ಪತ್ತೇಳನೇ ನಂಬರು. ಬೆಳಗ್ಗೆ ಐದು ಗಂಟೆ. ಅರವತ್ತನಾಲ್ಕು ಜನರಿಗೆ ಗುಲಾಬಿ ಚಿತ್ರ."

ಮಗಳು ತಟಕ್ಕನೆ ತಲೆ ಎತ್ತಿದಳು. ಅವಳಿಗೆ ಎಲ್ಲವೂ ಅರ್ಥವಾಯಿತು. ಅವಳ ತಂದೆಗೆ ಏನೂ ಅರ್ಥವಾಗಲಿಲ್ಲ.

"ಐದಕ್ಕೆ ಏಳ್ತಾಳಾ?" ಎಂದು ಸಾಹೇಬರು ಹೆಂಡತಿಯ ಕಡೆ ತಿರುಗಿದರು. "ನಾನೂ ಐದಕ್ಕೇ ಏಳೋದು. ಒಂದು ದಿನ ಕಾಣಲಿಲ್ಲವಲ್ಲ."

"ನನಗೂ ಗುಲಾಬಿ ಬರುತ್ತೆ, ನಿಮ್ಮಿಂದ," ಎಂದರು ಹೆಡ್‌ಮಾಸ್ಟರು.

"ಅಪ್ಪನ ಗುಣ," ಎಂದರು ಸಾಹೇಬರು. ಎರಡು ದಿನದಲ್ಲಿ ಮೊದಲ ಬಾರಿಗೆ ಅವರ ಮುಖದಲ್ಲಿ ಕಳೆ ಬಂತು.

"ದಿನಕ್ಕೆ ಒಂದೂವರೆ ಗಂಟೆ ಚರಂಡಿ ಬಿಡಿಸೋ ವಿಡಿಯೋ."

"ಅದು ಒಳ್ಳೇದು ಸ್ವಾಮಿ, ನಾನೂ ನೋಡ್ತೀನಿ. ಜ್ಞಾನ ಬರುತ್ತೆ."

"ಕಿವಿಯಲ್ಲಿ ಗುಂಯ್ ಅಂತ ಶಬ್ದ ಯಾಕೆ ಬರುತ್ತೆ ಅಂತ ಹನ್ನೊಂದು ಸಲ ಹುಡುಕಿದ್ದಾಳೆ."

ಸಾಹೇಬರು ಗಾಬರಿಯಾದರು. "ನಿನಗೂ ಬರುತ್ತಾ ಮಗಾ? ಎಡಗಿವಿನಾ? ಇದು ವಂಶದ್ದೇ ಇರಬೇಕು."

ಅವರ ಹೆಂಡತಿ ಹಣೆಗೆ ಕೈ ಹಚ್ಚಿಕೊಂಡರು. ಅವರಿಗೂ ಅರ್ಥವಾಗಿತ್ತು.

"ಎಲ್ಲಕ್ಕಿಂತ ಹೆಚ್ಚು ಬಳಕೆ," ಎಂದು ಪ್ರೊಫೆಸರು ಮುಂದುವರಿಸಿದರು, "ಸಂಜೆ ಆರರಿಂದ ಎಂಟು."

ಹೆಡ್‌ಮಾಸ್ಟರು ಕುರ್ಚಿಯಲ್ಲಿ ಮುಂದೆ ಬಾಗಿದರು.

"ಅದು ಸಾಧ್ಯವಿಲ್ಲ. ಆ ಹೊತ್ತಲ್ಲಿ ಈ ಕಟ್ಟಡದ ಎಲ್ಲ ಹುಡುಗರ ಮೊಬೈಲೂ ಟ್ರಂಕಿನಲ್ಲಿರುತ್ತೆ. ಅಲ್ಲಿ ಮೊಬೈಲ್ ಇರೋದು ಒಬ್ಬರ ಹತ್ರ ಮಾತ್ರ." ಹನ್ನೊಂದು ತಲೆಗಳು ಒಟ್ಟಿಗೆ ಸಾಹೇಬರ ಕಡೆ ತಿರುಗಿದವು.

ಅಂಗಡಿಯ ತಕ್ಕಡಿಯ ಮುಳ್ಳು ಮೊದಲು ಈ ಕಡೆ ವಾಲಿ, ಆ ಕಡೆ ವಾಲಿ, ಆಮೇಲೆ ನಿಲ್ಲುತ್ತದೆ. ಸಾಹೇಬರ ಮುಖದಲ್ಲೂ ಹಾಗೇ ಆಯಿತು. ಅವರು ಜೇಬು ಮುಟ್ಟಿಕೊಂಡರು. ಜೇಬಿನಲ್ಲಿ ಮೊಬೈಲ್ ಬೆಚ್ಚಗಿತ್ತು.

"ಕೊನೆಯದು," ಎಂದು ಪ್ರೊಫೆಸರು ಮರುಕದ ಧ್ವನಿಯಲ್ಲಿ ಓದಿದರು. "ಪ್ರತಿ ಸಂಜೆ ಒಂದೇ ಪ್ರಶ್ನೆ. 'ಮಗಳು ಮಾತಾಡದಿದ್ದರೆ ಏನು ಮಾಡಬೇಕು?' ಇಪ್ಪತ್ತಮೂರು ದಿನ, ಇಪ್ಪತ್ತಮೂರು ಸಲ."

ಮಗಳು ಅಪ್ಪನನ್ನು ನೋಡಿದಳು. ಅಪ್ಪ ನೆಲ ನೋಡುತ್ತಿದ್ದರು. ಅಂಗಿಯ ಗುಂಡಿಯೊಂದನ್ನು ತಿರುವುತ್ತಿದ್ದರು. ಮೂರು ವರ್ಷ ಕಟ್ಟಡಕ್ಕೆಲ್ಲ ಉಪದೇಶ ಮಾಡಿದ್ದವರು. ಹೆಡ್‌ಮಾಸ್ಟರು ಇನ್ನೊಂದು ಮಾತಾಡಿದರೆ ಅವರ ಮಾನ ಮೆಟ್ಟಿಲಿಳಿದು ಬೀದಿಗೆ ಬರುತ್ತಿತ್ತು.

"ಹೌದು," ಎಂದಳು ಮಗಳು. "ಎಲ್ಲಾ ನಂದೇ."

"ಅಲ್ಲ," ಎಂದರು ಸಾಹೇಬರು ಎದ್ದು ನಿಂತು. "ಅಲ್ಲ. ನಂದು. ಇಪ್ಪತ್ತೇಳನೇ ಹುಡುಗಿ ನಾನು."

ಗೋಡೆಗೆ ಒರಗಿದ್ದವರಲ್ಲಿ ಯಾರೋ ಕೆಮ್ಮಿದರು. ಪ್ರೊಫೆಸರು ಮಾತ್ರ ವಿಚಲಿತರಾಗಲಿಲ್ಲ.

"ತಂದೆಯ ಕರುಳು. ಇದು ನಿರೀಕ್ಷಿತವೇ," ಎಂದು ಸಹಾಯಕಿಗೆ ಬರೆದುಕೊಳ್ಳುವಂತೆ ಸನ್ನೆ ಮಾಡಿದರು. "ಮಗಳನ್ನ ಉಳಿಸೋಕೆ ಚರಂಡಿಯನ್ನೇ ತಲೆ ಮೇಲೆ ಹಾಕ್ಕೊಳ್ತಿದ್ದಾರೆ."

"ಉಳಿಸೋಕಲ್ಲ ಸ್ವಾಮಿ, ನಿಜ ಹೇಳ್ತಿದ್ದೀನಿ."

"ಸುಳ್ಳು. ನಾನೇ," ಎಂದಳು ಮಗಳು.

ಒಂದು ಮೊಬೈಲಿಗೆ ಇಬ್ಬರು ಹಕ್ಕುದಾರರು. ಪ್ರೊಫೆಸರ ಹದಿನೆಂಟು ವರ್ಷದ ಅನುಭವದಲ್ಲಿ ಇಂಥದ್ದು ಬಂದಿರಲಿಲ್ಲ. ಮೊಬೈಲ್ ಯಾರ ಜೇಬಿನಲ್ಲಿದೆ ನೋಡಿದರೆ ಮುಗಿಯಿತಲ್ಲ ಎಂದು ಸಾಹೇಬರ ಹೆಂಡತಿ ಹೇಳಿದರು; ಅದು ವೈಜ್ಞಾನಿಕ ವಿಧಾನವಲ್ಲವೆಂದು ಪ್ರೊಫೆಸರು ತಳ್ಳಿಹಾಕಿದರು. ಬಾಯಿಪರೀಕ್ಷೆ ನಡೆಸಬೇಕು ಎಂದರು ಹೆಡ್‌ಮಾಸ್ಟರು. ನಿವೃತ್ತರಾದ ಮೇಲೆ ಪರೀಕ್ಷೆಯಿಲ್ಲದೆ ಒಣಗಿದ್ದವರು. ಒಪ್ಪಿಗೆಯಾಯಿತು. ಅಪ್ಪ ಮಗಳನ್ನು ಅಕ್ಕಪಕ್ಕ ಕೂರಿಸಿದರು.

"ಈ ತಿಂಗಳ ಎಂಟನೇ ತಾರೀಖು," ಎಂದು ಸಹಾಯಕಿ ಫೈಲು ನೋಡಿ ಕೇಳಿದಳು. "ಹೋಟೆಲಿನ ಹಿಂದಿನ ಚರಂಡಿ. ಅದನ್ನ ಹೇಗೆ ಬಿಡಿಸಿದ್ರು? ಮೊದಲು ಮಗಳು ಹೇಳ್ಲಿ."

ಮಗಳು ಯೋಚಿಸಿದಳು. "ಬಿಸಿನೀರು ಹಾಕಿ."

ಸಾಹೇಬರು ತುಟಿ ಕಚ್ಚಿಕೊಂಡು ಸುಮ್ಮನಿರಲು ಪ್ರಯತ್ನಿಸಿದರು. ಆಗಲಿಲ್ಲ. "ಜಿಡ್ಡು ಕಟ್ಟಿದ ಚರಂಡಿಗೆ ಬಿಸಿನೀರಾ? ಇನ್ನೂ ಮುಂದೆ ಹೋಗಿ ಕಟ್ಟುತ್ತೆ. ಸ್ಪ್ರಿಂಗ್ ಹಾಕಿ ತಿರುಗಿಸಿದ್ದು. ಹನ್ನೆರಡು ಅಡಿ ಸ್ಪ್ರಿಂಗು. ಮೊದಲ ಸಲ ಒಂದು ಚಮಚ ಬಂತು. ಎರಡನೇ ಸಲ ಪೂರ್ತಿ ಒಂದು ಟವೆಲ್ಲು."

ಸಹಾಯಕಿ ಫೈಲು ನೋಡಿ ತಲೆಯಾಡಿಸಿದಳು. ಗೋಡೆಯ ಕಡೆಯಿಂದ ಮೆಚ್ಚುಗೆಯ ಗುಸುಗುಸು ಎದ್ದಿತು.

"ಮಂಗಳವಾರ ಉಜ್ಜಿದ ಬೀಗಕ್ಕೆ ಎಷ್ಟು ಲಿವರ್?"

"ನಾಲ್ಕು," ಎಂದಳು ಮಗಳು ಧೈರ್ಯದಿಂದ.

"ಆರು," ಎಂದರು ಸಾಹೇಬರು. "ಒಂದು ಮುರಿದಿತ್ತು. ಅವನು ಹೊಸದು ಕೊಳ್ಳಲಿಲ್ಲ, ತಗಡು ಕತ್ತರಿಸಿ ತಾನೇ ಮಾಡಿದ. ನಾಲ್ಕು ಗ್ರಾಂ ಇದ್ದಿರಬೇಕು. ಕಣ್ಣಲ್ಲೇ ತೂಗಿದೆ."

ಇಂಥ ಹದಿನಾರು ಪ್ರಶ್ನೆಗಳಾದವು. ಹದಿನಾರಕ್ಕೂ ಸಾಹೇಬರು ಉತ್ತರಿಸಿದರು. ಕೇಳದೆ ಇದ್ದ ಮೂರಕ್ಕೂ ಉತ್ತರಿಸಿದರು. ತಾವು ಗೆಲ್ಲುತ್ತಿರುವುದು ಎಂಥ ಪರೀಕ್ಷೆ ಎಂಬುದು ಅವರಿಗೆ ಮರೆತೇಹೋಗಿತ್ತು. ಹೆಡ್‌ಮಾಸ್ಟರು ಅಂಕ ಹಾಕಿ, "ಪ್ರಥಮ ದರ್ಜೆ," ಎಂದು ಘೋಷಿಸಿದರು. ಆಮೇಲೆ, ಕರ್ತವ್ಯದ ಧ್ವನಿಯಲ್ಲಿ, "ಸಂಜೆ ಆರರಿಂದ ಎಂಟು, ಮೊಬೈಲ್ ಮುಕ್ತ," ಎಂದು ಸೇರಿಸಿದರು.

ಸಾಹೇಬರು ಜೇಬಿನಿಂದ ಟ್ರಂಕಿನ ಬೀಗದ ಕೈ ತೆಗೆದು ಅವರ ಮುಂದೆ ಇಟ್ಟರು.

"ಒಂದು ಪ್ರಶ್ನೆ ಉಳಿದಿದೆ," ಎಂದಳು ಸಹಾಯಕಿ ಮೆಲ್ಲಗೆ. "ಮಗಳು ಮಾತಾಡದಿದ್ದರೆ ಏನು ಮಾಡಬೇಕು ಅಂತ ಕೇಳಿದ್ರಲ್ಲ. ಮೊಬೈಲ್ ಏನಂತು?"

ಸಾಹೇಬರು ಗಂಟಲು ಸರಿಮಾಡಿಕೊಂಡರು. "ಅವಳಿಗೆ ಇಷ್ಟವಾದ ವಿಷಯ ಮಾತಾಡಿ ಅಂತು. ಇಪ್ಪತ್ತೊಂದು ವರ್ಷದವರಿಗೆ ಏನಿಷ್ಟ ಅಂತ ಕೇಳಿದೆ. ಮುಖಕ್ಕೆ ಹಚ್ಚೋ ಕ್ರೀಮ್ ತೋರಿಸ್ತು. ನನಗೆ ಅದರ ಬಗ್ಗೆ ಏನೂ ಗೊತ್ತಿಲ್ಲ. ಡಬ್ಬಿ ಮೇಲೆ ಬರೆದಿರೋ ತೂಕ ಸರಿಯಿದೆಯಾ ಅಂತ ಹೇಳಬಲ್ಲೆ, ಅಷ್ಟೇ. ಅದಕ್ಕೆ ಮರುದಿನ ಮತ್ತೆ ಕೇಳಿದೆ."

ಯಾರೂ ನಗಲಿಲ್ಲ. ಹೆಡ್‌ಮಾಸ್ಟರು ಬೀಗದ ಕೈಯನ್ನು ಮೆಲ್ಲಗೆ ಸಾಹೇಬರ ಕಡೆಗೇ ಸರಿಸಿದರು.

"ಅಪ್ಪ," ಎಂದಳು ಮಗಳು. "ಆ್ಯಪ್ ಹಾಕಿದ್ದು ನಾನು. ಹಾಜರಿಗೋಸ್ಕರ."

"ಅಕ್ಷರ ಚೆನ್ನಾಗಿ ಕಾಣ್ತಿದೆ," ಎಂದರು ಸಾಹೇಬರು.

"ಅಂದ್ರೆ ಮಗು ಇಲ್ಲ," ಎಂದರು ಅಜ್ಜಿ. ಅವರ ಮುಖ ಸಪ್ಪಗಾಯಿತು. ಬೀರುವಿನ ಒಂದು ಖಾನೆಯನ್ನು ಆಗಲೇ ಖಾಲಿ ಮಾಡಿಟ್ಟಿದ್ದರು. ಸಾಹೇಬರ ಅಕ್ಕ ಟೋಪಿಯನ್ನು ಅಜ್ಜಿಯ ತಲೆಗೇ ಹಾಕಿ ನೋಡಿದರು. ಸರಿಯಾಗಿ ಕೂತಿತು.

ಎಲ್ಲರಿಗಿಂತ ಹೆಚ್ಚು ಕುಸಿದವರು ಪ್ರೊಫೆಸರು. ಹೊಸ ಯೌವನ ಹೋಯಿತು, ಹೆಬ್ಬೆರಳಿನ ಪ್ರತಿಭಟನೆ ಹೋಯಿತು, ಹದಿನೆಂಟು ಪುಟ ಹೋಯಿತು. ಸಾಹೇಬರ ಹೆಂಡತಿ ಕೊಟ್ಟ ಟೀ ಲೋಟವನ್ನು ಕೈಯಲ್ಲಿ ಹಿಡಿದು ಗೋಡೆ ನೋಡುತ್ತಾ ಕುಳಿತರು. ಟೀ ಆರಿಹೋಯಿತು.

"ಸರ್," ಎಂದಳು ಸಹಾಯಕಿ. "ಹುಡುಗರ ಬಗ್ಗೆ ಎಲ್ಲರೂ ಮಾಡಿದ್ದಾರೆ. ಅಪ್ಪಂದಿರ ಬಗ್ಗೆ ಇನ್ನೂ ಯಾರೂ ಮಾಡಿಲ್ಲ."

ಪ್ರೊಫೆಸರ ಕಣ್ಣಿಗೆ ನಿಧಾನವಾಗಿ ಬೆಳಕು ಬಂತು. ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದರು. ಹೊರಡುವಾಗ ಬಾಗಿಲಲ್ಲಿ ನಿಂತು ಮಗಳಿಗೆ ಹೇಳಿದರು: "ಸುಳ್ಳು ಮಾಹಿತಿ ಕೊಟ್ಟಿದ್ದಕ್ಕೆ ನಿನ್ನ ಹತ್ತು ದಿನ ಹಾಜರಿ ರದ್ದು. ಬೇಕು ಅಂದ್ರೆ ಹೊಸ ಸಂಶೋಧನೆಗೆ ಕೆಲಸ ಮಾಡು. ಪ್ರಶ್ನೆಪಟ್ಟಿ ಹಿಡ್ಕೊಂಡು ಅಪ್ಪಂದಿರನ್ನ ಕೇಳಿ ಬರ್ಕೊಂಡು ಬರಬೇಕು. ಅರವತ್ತು ಪ್ರಶ್ನೆ."

ಮುಂದಿನ ವಾರ ಒಂದು ಮಧ್ಯಾಹ್ನ ಮಗಳು ಊಟದ ಮೇಜಿನ ಒಂದು ಕಡೆ ಕೂತಳು, ಸಾಹೇಬರು ಇನ್ನೊಂದು ಕಡೆ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು.

"ಪ್ರಶ್ನೆ ಒಂದು. ತಾವು ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ನೋಡ್ತೀರಿ?"

"ತಾವು ಅಂತ ಬರೆದಿದೆಯಾ?"

"ಹೂಂ. ಇದ್ದ ಹಾಗೇ ಓದಬೇಕಂತೆ."

ಸಾಹೇಬರು ಯೋಚಿಸಿದರು. ಎದ್ದು ನೀರು ಕುಡಿದು ಬಂದರು. ಯಾವ ಋತುವಿನಲ್ಲಿ ಎಂದು ಕೇಳಿದರು. ಕೆಲಸದ ದಿನಕ್ಕೆ ಬೇರೆ ಲೆಕ್ಕ, ರಜೆಗೆ ಬೇರೆ ಎಂದರು. ಮೊದಲನೇ ಪ್ರಶ್ನೆಗೆ ಇಪ್ಪತ್ತು ನಿಮಿಷ ಹಿಡಿಯಿತು. ನಡುವೆ ಬೀಗ ಉಜ್ಜುವವನ ಮಾತು ಬಂತು. ತುಕ್ಕು ಹೇಗೆ ಹಿಡಿಯುತ್ತದೆ ಎಂದು ಮಗಳು ಕಬ್ಬಿಣದ ಅದಿರಿನಿಂದ ಶುರುಮಾಡಿ ವಿವರಿಸಿದಳು. ಚೀಲದಿಂದ ಒಂದು ಕೆಂಪು ಕಲ್ಲು ತಂದು ಅಪ್ಪನ ಅಂಗೈ ಮೇಲಿಟ್ಟಳು. ಸಾಹೇಬರು ತೂಗಿ ನೋಡಿ ಮುನ್ನೂರ ನಲವತ್ತು ಗ್ರಾಂ ಎಂದರು. ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಬಂದು, ಮೇಜು ದಾಟಿ, ನೆಲಕ್ಕಿಳಿಯಿತು.

"ಪ್ರಶ್ನೆ ಅರವತ್ತು," ಎಂದಳು ಮಗಳು ಕೊನೆಗೆ. "ತಾವು ಬೇರೆ ಏನಾದರೂ ಹೇಳಬಯಸುತ್ತೀರಾ?"

"ಇದೆ," ಎಂದರು ಸಾಹೇಬರು. "ಆದ್ರೆ ಎಲ್ಲಾ ಇವತ್ತೇ ಹೇಳಿಬಿಟ್ರೆ ನೀನು ಎದ್ದು ಹೋಗ್ತೀಯ."

ಮಗಳು ಪೆನ್ನಿನ ತುದಿಯನ್ನು ಕಚ್ಚಿಕೊಂಡು ಅಪ್ಪನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಷರಾ ಎಂಬ ಅಂಕಣದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಳು: 'ಉತ್ತರ ಕೊಡುವವರು ಸಹಕರಿಸುತ್ತಿಲ್ಲ. ನಾಳೆ ಮತ್ತೊಮ್ಮೆ ಭೇಟಿ ಮಾಡಬೇಕಾಗಿದೆ.'